ಬಂಗಲೆಯ ಬರ್ಫು

ಅಕ್ಕಿಆಲೂರಿನ ಪ್ರವಾಸಿ ಬಂಗಲೆಯಲ್ಲಿ ಅಡುಗೆ ಮಾಡುತ್ತಿದ್ದ ಅಡಿವೆವ್ವ ಅಲ್ಲಿಂದ ಒಂದು ಹಿಡಿ ಸಕ್ಕರೆಯನ್ನೂ ಸೆರಗಿಗೆ ಕಟ್ಟಿಕೊಂಡವಳಲ್ಲ. ಸಾಹೇಬರು ಉಂಡು ಉಳಿದ ಪಲ್ಯವನ್ನು ಸಹ ಮೇಟಿ ಲಕ್ಷ್ಮಪ್ಪನಿಗೆ ತೋರಿಸಿ, ಅವನು ‘ಒಯ್ಯವಾ’ ಎಂದ ಮೇಲೆಯೇ ಮನೆಗೆ ಒಯ್ಯುತ್ತಿದ್ದಳು. ಬಂಗಲೆಯನ್ನು ನೋಡಿಕೊಳ್ಳುವ ಲಕ್ಷ್ಮಪ್ಪ ಬಂದುಹೋದವರಿಗೆಲ್ಲ ಅವಳನ್ನು ತೋರಿಸಿ, “ಈಕಿ ಇದ್ದಲ್ಲಿ ಕೀಲಿ ಹಾಕೂದು ಬ್ಯಾಡ್ರಿ” ಎನ್ನುತ್ತಿದ್ದ. ಅಡಿವೆವ್ವ ಒಲೆಯ ಕಡೆ ತಿರುಗುತ್ತಿದ್ದಳು. ಆದರೆ ಆ ಮಾತು ಅವಳ ಬಾಳಿಗೆ ದೊಡ್ಡ ಆಸರೆಯಾಗಿತ್ತು.

ಅವಳ ತವರು ಹಿರೇಕೆರೂರು ತಾಲೂಕಿನ ಚಿಕ್ಕೇರೂರು. ಮದುವೆಯಾಗಿ ಅಕ್ಕಿಆಲೂರಿಗೆ ಬಂದಳು. ಗಂಡ ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡುತ್ತಿದ್ದ. ಒಂದು ಮಳೆಗಾಲದಲ್ಲಿ ಒಟ್ಟಿದ ಚೀಲಗಳು ಜಾರಿ ಮೇಲೆ ಬಿದ್ದು ತೀರಿಕೊಂಡ. ಆಗ ಮಗಳು ಸಾವಂತ್ರವ್ವ ಇನ್ನೂ ಎದೆಹಾಲು ಕುಡಿಯುತ್ತಿದ್ದಳು. ಅಣ್ಣ ಗುಡ್ಡಪ್ಪ ಚಿಕ್ಕೇರೂರಿನಿಂದ ಬಂಡಿ ಕಟ್ಟಿಕೊಂಡು ಬಂದು ಕರೆದರೂ ಅಡಿವೆವ್ವ ಹೋಗಲಿಲ್ಲ. “ತವರಿಗೆ ಹಬ್ಬಕ್ಕ ಬರ್ತೇನಿ, ಹೊಟ್ಟಿಗೆ ಬರೂದಿಲ್ಲ” ಅಂದಳು. ಗಿರಣಿಯಲ್ಲಿ ನುಚ್ಚು ಕೇರಿ, ಕಂಡವರ ಮನೆಯಲ್ಲಿ ರೊಟ್ಟಿ ಬಡಿದು, ಕೊನೆಗೆ ಬಂಗಲೆಯ ಒಲೆಯ ಮುಂದೆ ಕುಳಿತಳು. ಮಗಳನ್ನು ಬೆಳೆಸಿ, ಶಿಗ್ಗಾಂವಿ ಕಡೆಯ ಒಳ್ಳೆಯ ಮನೆಗೆ ಕೊಟ್ಟಳು.

ಸಾವಿರದ ಒಂಬೈನೂರ ಐವತ್ತೇಳರ ಮಳೆಗಾಲದಲ್ಲಿ ಊರಿಗೆ ಒಂದು ಜ್ವರ ಬಂದಿತ್ತು. ಹಡಗಿನಲ್ಲಿ ಮದ್ರಾಸಿಗೆ ಬಂದು, ಅಲ್ಲಿಂದ ರೈಲು ಹತ್ತಿ ದೇಶವೆಲ್ಲ ಹಬ್ಬಿದ ಜ್ವರ ಅದು. ಅಕ್ಕಿಆಲೂರಿನಲ್ಲಿ ಚೀಲ ಹೊರುವವರಿಲ್ಲದೆ ಗಿರಣಿಗಳು ನಿಂತವು. ಸಂತೆಯ ಬಯಲಿನಲ್ಲಿ ವಾರಕ್ಕೆ ವಾರ ನಾಯಿಗಳಷ್ಟೇ ಓಡಾಡಿದವು. ಬಹಳ ಮಂದಿ ಎದ್ದು ಕುಳಿತರು, ಕೆಲವು ಮುದುಕರು ಏಳಲಿಲ್ಲ. ಆಮೇಲೆ ಜನ ಅದನ್ನು ಮರೆತರು.

ಆದರೆ ಮರೆಯದವರು ಕೆಲವರಿದ್ದರು. ಒಂದೂವರೆ ವರ್ಷ ಕಳೆದ ಮೇಲೆ, ಬಿಸಿಲು ಏರುತ್ತಿದ್ದ ದಿನಗಳಲ್ಲಿ, ಪುಣೆಯ ಕಡೆಯ ಒಂದು ಜೀಪು ಬಂಗಲೆಯ ಮುಂದೆ ಬಂದು ನಿಂತಿತು. ಇಳಿದವರಲ್ಲಿ ಒಬ್ಬರು ಡಾಕ್ಟರ್ ಹುಲಿಕಟ್ಟಿ. ಧಾರವಾಡದ ಕಡೆಯವರಾದ್ದರಿಂದ ಅವರ ಮಾತು ಊರವರಿಗೆ ತಿಳಿಯುತ್ತಿತ್ತು. ಇನ್ನೊಬ್ಬರು ಎತ್ತರದ ಬಿಳಿ ಹೆಂಗಸು. ಅವರ ಹೆಸರು ಯಾರ ನಾಲಿಗೆಗೂ ತಿರುಗಲಿಲ್ಲವಾಗಿ ಊರು ಅವರನ್ನು ‘ಅಮೇರಿಕಾದ ಬಾಯಾರು’ ಎಂದು ಕರೆಯಿತು. ಜೀಪು ನಡೆಸುತ್ತಿದ್ದವನು ಸವಣೂರಿನ ಮುನಾಫ. ಮೂವತ್ತರ ಆಸುಪಾಸಿನ, ಸದಾ ನಗುತ್ತಿದ್ದ ಆಳು. ಬಂದ ದಿನವೇ ಅಡುಗೆಮನೆಯ ಬಾಗಿಲಿಗೆ ಬಂದು, “ಅಡಿವೆಕ್ಕಾ, ನನಗ ಖಾರ ಭಾಳ ಇರ್ಲಿ, ಬಾಯಾರಿಗೆ ಬರೇ ವಾಸನಿ ಇರ್ಲಿ” ಎಂದು ಹೇಳಿ ಅವಳನ್ನು ನಗಿಸಿದ.

ಪಂಚಾಯತಿ ಕಟ್ಟೆಯ ಮೇಲೆ ಜನರನ್ನು ಕೂಡಿಸಿ ಡಾಕ್ಟರು ಬಂದ ಕಾರಣ ಹೇಳಿದರು.

“ಹ್ವಾದ ವರ್ಷದ ಹಿಂದಿನ ವರ್ಷ ಬಂದ ಜ್ವರ ಒಮ್ಮೆ ಬಂದು ಹೋಗೂದಲ್ಲ. ಮತ್ತೊಂದು ರೂಪದಾಗ ಮತ್ತ ಬರ್ತೈತಿ. ಬಂದ ಮ್ಯಾಲ ಓಡ್ಯಾಡಿದ್ರ ಉಪಯೋಗಿಲ್ಲ. ಬರೂಕಿಂತ ಮೊದ್ಲ ತಯಾರಿರಬೇಕು. ಅದಕ್ಕ ಯಾರಿಗೆ ಆ ಜ್ವರ ಬಂದಿತ್ತು, ಯಾರಿಗೆ ಬಂದಿಲ್ಲ, ಈಗ ಜ್ವರ ಇದ್ದವರ ಮೈಯಾಗ ಎಂಥಾ ಜ್ವರದ ಹುಳ ಅದಾವು ಅಂತ ನೋಡಬೇಕು. ಇದಕ್ಕ ಅಮೇರಿಕಾದ ಒಂದು ದತ್ತಿ ಸಂಸ್ಥೆ ರೊಕ್ಕ ಕೊಡ್ತೈತಿ. ಕೆಲಸ ಅವರೂ ನಾವೂ ಕೂಡಿ ಮಾಡ್ತೇವಿ. ಫಲ ಎಲ್ಲಾ ದೇಶದವರಿಗೂ.”

ಮುಂದಿನ ಸಾಲಿನಲ್ಲಿ ಕುಳಿತಿದ್ದ ಮುದುಕ ಗುದ್ಲೆಪ್ಪ ಕೇಳಿದ: “ಮತ್ತ ರಕ್ತರೀ?”

“ರಕ್ತ ನಿಮ್ಮದು, ಯಜಮಾನ್ರ.”

ಜನ ನಕ್ಕರು. ಗುದ್ಲೆಪ್ಪನೂ ನಕ್ಕು, ಎಲ್ಲರಿಗಿಂತ ಮೊದಲು ತೋಳು ಚಾಚಿದ. ಅವನು ಕೊಟ್ಟ ಮೇಲೆ ಉಳಿದವರೂ ಕೊಟ್ಟರು. ಓಣಿಯ ಹೆಂಗಸರು ಮಾತ್ರ ಹಿಂಜರಿದರು. ಅಡಿವೆವ್ವ ಅವರ ಮುಂದೆ ತಾನು ಕೊಟ್ಟು ತೋರಿಸಿದಳು. “ಇರಿವಿ ಕಚ್ಚಿದಂಗ ಆಕ್ಕೈತಿ, ಅಷ್ಟ” ಎಂದಳು. ಆಕೆ ಹೇಳಿದಳೆಂದು ಅವರೂ ಬಂದರು.

ಹೀಗೆ ತೆಗೆದ ರಕ್ತವನ್ನು ಸಣ್ಣ ಗಾಜಿನ ನಳಿಗೆಗಳಲ್ಲಿ ತುಂಬಿ, ತಗಡು ಹೊಡೆದ ಒಂದು ಮರದ ಪೆಟ್ಟಿಗೆಯಲ್ಲಿ ಇಡುತ್ತಿದ್ದರು. ಸುತ್ತಲೂ ಬರ್ಫಿನ ಗಡ್ಡೆ, ಅದರ ಮೇಲೆ ಕಟ್ಟಿಗೆಯ ಹೊಟ್ಟು, ಅದರ ಮೇಲೆ ತೋಯಿಸಿದ ಗೋಣಿತಟ್ಟು. ಮುನಾಫ ಹುಬ್ಬಳ್ಳಿಯಿಂದ ಬರ್ಫು ತರುತ್ತಿದ್ದ. ಬಂಗಲೆಯಲ್ಲಿ ತಂಪಾದ ಜಾಗ ಎಂದರೆ ಅಡುಗೆಮನೆಯ ಹಿಂದಿನ ಪಡಸಾಲೆ, ಹಾಗಾಗಿ ಪೆಟ್ಟಿಗೆ ಅಲ್ಲಿರುತ್ತಿತ್ತು. ಊರಿನ ರಕ್ತವೆಲ್ಲ ಕೂಡಿದ ಮೇಲೆ ಅದನ್ನು ಜೀಪಿನಲ್ಲಿ ಹುಬ್ಬಳ್ಳಿಗೆ, ಅಲ್ಲಿಂದ ರೈಲಿನಲ್ಲಿ ಪುಣೆಗೆ ಒಯ್ಯುವುದಿತ್ತು.

ಸಾವಂತ್ರವ್ವ ಚೊಚ್ಚಲ ಬಸುರಿಯಾಗಿ ತವರಿಗೆ ಬಂದಿದ್ದು ಆ ಹೊತ್ತಿನಲ್ಲೇ. ದಿನ ತುಂಬಲು ಇನ್ನೂ ಸ್ವಲ್ಪ ಕಾಲವಿತ್ತು. ಒಂದು ಸಂಜೆ ಅವಳಿಗೆ ಜ್ವರ ಬಂತು. ಬೆಳಗಾಗುವಷ್ಟರಲ್ಲಿ ಮೈ ಕೆಂಡವಾಗಿತ್ತು. ಕಣ್ಣು ತೆರೆದರೂ ತಾಯಿಯ ಗುರುತು ಹಿಡಿಯಲಿಲ್ಲ.

ಅಡಿವೆವ್ವ ಬಂಗಲೆಗೆ ಓಡಿ ಬಂದಳು. ಡಾಕ್ಟರ್ ಹುಲಿಕಟ್ಟಿ ಹಾನಗಲ್ಲಿಗೆ ಹೊರಟು ನಿಂತಿದ್ದರು. ಅಲ್ಲಿಯ ತಾಲೂಕು ಕಚೇರಿಯಲ್ಲಿ ಮಾಮಲೇದಾರರನ್ನು ಕಾಣುವುದಿತ್ತು. ಬಾಯಾರು ಆಗಲೇ ಅಲ್ಲಿಂದ ಬಂದ ಕಚೇರಿಯ ಕಾರು ಹತ್ತಿದ್ದರು.

“ಸಾಹೇಬ್ರ, ನನ್ನ ಮಗಳಿಗೆ ಜ್ವರ ಭಾಳ ಅದಾವ್ರಿ. ಬಸರಿ ಹುಡುಗಿ. ಒಂದೀಟು ಔಷಧ ಕೊಡ್ರಿ.”

ಡಾಕ್ಟರು ನಿಂತರು. “ನಾವು ಔಷಧ ಕೊಡೋರಲ್ಲವಾ. ನಮ್ಮ ಹಂತ್ಯಾಕ ಇಲ್ಲ. ರೊಕ್ಕ ಕೊಟ್ಟವರು ಸಂಶೋಧನಾಕ ಅಂತ ಕೊಟ್ಟಾರ, ದವಾಖಾನಿಗೆ ಅಂತ ಕೊಟ್ಟಿಲ್ಲ. ಹಾನಗಲ್ಲ ದವಾಖಾನಿಗೆ ಕರ್ಕೊಂಡು ಹೋಗು.” ಆಮೇಲೆ ಏನೋ ನೆನಪಾದವರಂತೆ, “ಜ್ವರ ಇದ್ದಾಗಿನ ರಕ್ತ ನಮಗ ಬೇಕಾಗಿರ್ತೈತಿ. ಸಂಜೀಕ ಬಂದು ತಗೋಲೇನು?” ಎಂದರು.

ಬಸುರಿಯ ಮೈಯಿಂದ ರಕ್ತ ತೆಗೆಯುವ ಮಾತು ಕೇಳಿ ಅಡಿವೆವ್ವ “ಬ್ಯಾಡ್ರಿ” ಎಂದು ಹಿಂದೆ ಸರಿದಳು. ಕಾರು ಹೋಯಿತು.

ಹಾನಗಲ್ಲಿಗೆ ಹೋಗಲು ಹುಡುಗಿ ಎದ್ದು ಕೂಡುವ ಹಾಗಿರಲಿಲ್ಲ. ಆ ಬಿಸಿಲಿನಲ್ಲಿ ಬಂಡಿಯಲ್ಲಿ ಒಯ್ದರೆ ದಾರಿಯಲ್ಲೇ ಏನಾದರೂ ಆದೀತೆಂದು ನೆರೆಯವರು ಹೆದರಿಸಿದರು. ಊರಲ್ಲಿದ್ದ ಒಬ್ಬ ಕಂಪೌಂಡರ ಬಂದು ಒಂದು ಕೆಂಪು ನೀರಿನ ಸೀಸೆ ಕೊಟ್ಟ. “ಹಣಿಮ್ಯಾಲ ತಣ್ಣೀರ ಅರಿವಿ ಹಾಕ್ಕೊಂತ ಇರ್ರಿ. ಹುಬ್ಬಳ್ಳ್ಯಾಗ ಆಗಿದ್ರ ಬರ್ಫು ಇಡ್ತಿದ್ರು” ಎಂದು ಹೇಳಿ ಹೋದ. ಕೊಡದ ನೀರು ಸಹ ಆ ದಿನ ಬೆಚ್ಚಗಿತ್ತು.

ಮಧ್ಯಾಹ್ನ ಅಡಿವೆವ್ವ ಬಂಗಲೆಗೆ ಬಂದಳು. ಲಕ್ಷ್ಮಪ್ಪ ಊಟಕ್ಕೆ ಹೋಗಿದ್ದ. ಪೆಟ್ಟಿಗೆ ಕಾಯಬೇಕಾದ ಮುನಾಫ ಹಿಂದಿನ ದಿನವೆಲ್ಲ ಜೀಪು ಹೊಡೆದು ಬೇವಿನ ಮರದ ಕೆಳಗೆ ಮಲಗಿಬಿಟ್ಟಿದ್ದ. ಅವನನ್ನು ಎಬ್ಬಿಸಿ ಕೇಳಬಹುದಿತ್ತು. ಬೆಳಿಗ್ಗೆ ಒಮ್ಮೆ ಕೇಳಿ ಇಲ್ಲ ಎನ್ನಿಸಿಕೊಂಡಿದ್ದಳು. ಇವನೂ ಇಲ್ಲ ಎಂದುಬಿಟ್ಟರೆ ಆಮೇಲೆ ಮುಟ್ಟುವ ಹಾಗೇ ಇರಲಿಲ್ಲ. ಅಡಿವೆವ್ವ ಗೋಣಿತಟ್ಟು ಸರಿಸಿ, ಹೊಟ್ಟಿನಲ್ಲಿ ಕೈ ಹಾಕಿ, ಒಂದು ಗಡ್ಡೆಯನ್ನು ರೊಟ್ಟಿಯ ಬುಟ್ಟಿಯಲ್ಲಿಟ್ಟು ಮನೆಗೆ ನಡೆದಳು.

ಹಣೆಯ ಮೇಲೆ ಬರ್ಫು ಇಟ್ಟ ಸ್ವಲ್ಪ ಹೊತ್ತಿಗೆ ಸಾವಂತ್ರವ್ವ ಕಣ್ಣು ತೆರೆದು, “ಅವ್ವಾ, ಏನಿದು?” ಅಂದಳು. ಬೆಳಗಿನಿಂದ ಆಡಿದ ಮೊದಲ ಮಾತು ಅದು. ಗಡ್ಡೆ ಕರಗಿತು. ಜ್ವರ ಮತ್ತೆ ಏರಿತು. ಅಡಿವೆವ್ವ ಮತ್ತೆ ಹೋದಳು. ಸಂಜೆಯ ಅಡುಗೆಗೆ ಹೋದಾಗ ಇನ್ನೊಮ್ಮೆ ತೆಗೆದಳು, ಈ ಸಲ ದೊಡ್ಡ ಗಡ್ಡೆಯನ್ನೇ. ಪೆಟ್ಟಿಗೆಯಲ್ಲಿ ಇನ್ನೂ ಇದೆಯಲ್ಲ ಎಂದು ಅವಳಿಗೆ ಕಂಡಿತು. ಹೊಟ್ಟನ್ನು ಮೊದಲಿನ ಹಾಗೆ ಒತ್ತಿ ತುಂಬಬೇಕು, ತಟ್ಟನ್ನು ಬಿಗಿಯಾಗಿ ಮುಚ್ಚಬೇಕು, ಇಲ್ಲದಿದ್ದರೆ ಉಳಿದದ್ದೂ ನಿಲ್ಲುವುದಿಲ್ಲ ಎಂಬುದು ತಿಳಿದಿರಲಿಲ್ಲ.

ಬೆಳಿಗ್ಗೆ ಸಾವಂತ್ರವ್ವನ ಮೈ ಬೆವರಿ ತಣ್ಣಗಾಯಿತು. ಗಂಜಿ ಕೇಳಿದಳು. ಅದೇ ಹೊತ್ತಿಗೆ ಬಂಗಲೆಯಲ್ಲಿ ಡಾಕ್ಟರ್ ಹುಲಿಕಟ್ಟಿ ಪೆಟ್ಟಿಗೆ ತೆರೆದರು. ಒಳಗೆ ಉಗುರುಬೆಚ್ಚಗಿನ ನೀರಿನಲ್ಲಿ ನಳಿಗೆಗಳು ತೇಲುತ್ತಿದ್ದವು.

ಅಡಿವೆವ್ವ ಗಂಜಿ ಕುಡಿಸಿ ಹಗುರಾದ ಮನಸ್ಸಿನಿಂದ ಕೆಲಸಕ್ಕೆ ಬಂದಾಗ ಪಡಸಾಲೆಯಲ್ಲಿ ಎಲ್ಲರೂ ನಿಂತಿದ್ದರು. ಬಾಯಾರು ಒಂದು ನಳಿಗೆಯನ್ನು ಬೆಳಕಿಗೆ ಹಿಡಿದು ನೋಡಿ ಕೆಳಗಿಟ್ಟು, ಮೆಟ್ಟಿಲ ಮೇಲೆ ಕುಳಿತುಬಿಟ್ಟರು.

“ಹುಳ ಥಂಡಿದಾಗ ಮಾತ್ರ ಜೀವ ಹಿಡಿತಾವು,” ಡಾಕ್ಟರು ಹೇಳುತ್ತಿದ್ದರು, ಯಾರಿಗೆಂದಲ್ಲ. “ಎಲ್ಲಾ ಸತ್ತು ಹ್ವಾದ್ವು. ಇಡೀ ಊರಿನ ರಕ್ತ ಕೆಟ್ಟು ಹೋತು.” ಆಮೇಲೆ ಮುನಾಫನ ಕಡೆ ತಿರುಗಿದರು. “ನೀ ಹಿಂದೊಮ್ಮೆ ಗುತ್ತೆಪ್ಪನ ಸೋಡಾ ಅಂಗಡಿಗೆ ಬರ್ಫು ಕೊಟ್ಟಿದ್ದಿಲ್ಲೋ?”

“ಕೊಟ್ಟಿದ್ದೆರಿ. ಕೆಲಸ ಮುಗಿದ ಮ್ಯಾಲ ಉಳಿದದ್ದು. ಸುಮ್ನ ಕರಗಿ ಹೋಗ್ತೈತಿ ಅಂತ ಕೊಟ್ಟಿದ್ದೆ.”

“ನಿನ್ನಿ?”

“ನಿನ್ನಿ ಕೊಟ್ಟಿಲ್ರಿ.”

“ಮತ್ತ ಎಲ್ಲಿ ಹೋತು?”

ಮುನಾಫ ಬೇವಿನ ಮರದ ಕಡೆ ನೋಡಿದ. ತಾನು ಮಲಗಿದ್ದೆ ಎಂದು ಹೇಳಿದರೂ ತಪ್ಪು, ಹೇಳದಿದ್ದರೂ ತಪ್ಪು. ಅಡುಗೆಮನೆಯಲ್ಲಿ ಅಡಿವೆವ್ವ ಚಟ್ನಿ ಅರೆಯಲು ಕುಳಿತಿದ್ದಳು. ಗುಂಡುಕಲ್ಲು ಅವಳ ಕೈಯಲ್ಲಿ ಹಾಗೇ ನಿಂತಿತು. ಎದ್ದು ಹೊರಗೆ ಹೋಗಿ ಹೇಳಬೇಕೆಂದು ಮನಸ್ಸು ಹೇಳಿತು, ಆದರೆ ಏಳಲಿಲ್ಲ. ಲಕ್ಷ್ಮಪ್ಪ ಅಲ್ಲೇ ನಿಂತಿದ್ದ. ಅವನ ಮುಂದೆ ‘ನಾ ಕದ್ದೆ’ ಎನ್ನುವುದು ಹೇಗೆ? ಅವಳು ಮತ್ತೆ ಅರೆಯತೊಡಗಿದಳು.

ಅಂದೇ ಮುನಾಫನನ್ನು ಕೆಲಸದಿಂದ ತೆಗೆದರು. ಹೊರಡುವ ಮುಂಚೆ ಅವನು ಅಡುಗೆಮನೆಯ ಬಾಗಿಲಿಗೆ ಬಂದ. ಅವಳು ರೊಟ್ಟಿ ಹಾಕಿ ಕೊಟ್ಟಳು. ಅವನು ನಗಲಿಲ್ಲ. ಎರಡು ತುತ್ತು ತಿಂದು ತಟ್ಟೆ ಸರಿಸಿ, “ಅಕ್ಕಾ, ನಾ ಮಾಡಿಲ್ಲ” ಎಂದ.

“ಹೌದೇನಪಾ?” ಎಂದಳು ಅಡಿವೆವ್ವ. ಅಷ್ಟೇ ಎಂದಳು. ಮಜ್ಜಿಗೆ ಬಗ್ಗಿಸುವ ನೆವದಲ್ಲಿ ಮುಖ ಆಚೆ ಮಾಡಿದಳು. ಮುಂದೆ ಎಷ್ಟೋ ವರ್ಷ, ತಾನು ಬರ್ಫು ತೆಗೆದದ್ದಕ್ಕಿಂತ ಹೆಚ್ಚಾಗಿ ಆ ‘ಹೌದೇನಪಾ’ ಎಂಬ ಮಾತೇ ಅವಳನ್ನು ಸುಟ್ಟಿತು.

ಕೆಟ್ಟ ರಕ್ತವನ್ನು ಬಂಗಲೆಯ ಹಿಂದೆ ಕುಣಿ ತೋಡಿ, ಸುಣ್ಣ ಹಾಕಿ ಹೂತರು. ಆಳ ಸಾಲಲಿಲ್ಲವೇನೋ, ನಾಯಿಗಳು ಕೆದರಿದವು. ಬಯಲಕಡೆಗೆ ಹೋಗಿದ್ದ ಗುದ್ಲೆಪ್ಪ ಅದನ್ನು ಕಂಡ. ಪಂಚಾಯತಿ ಕಟ್ಟೆಗೆ ಬಂದು ಕೂಗಾಡಲಿಲ್ಲ. ತೋಳು ತೋರಿಸಿ ಮೆಲ್ಲಗೆ ಹೇಳಿದ: “ನನ್ನ ರಕ್ತ ನಾಯಿ ನೆಕ್ಕಾಕತ್ತಿತ್ತಪಾ. ನಾ ಕಣ್ಣಾರೆ ನೋಡ್ದೆ.”

ಆ ಮಾತು ಊರೆಲ್ಲ ಹರಡಿತು. ಅಮೇರಿಕಾದವರು ರಕ್ತ ಮಾರುತ್ತಾರೆಂದು ಕೆಲವರು, ಮಾರಲಿಕ್ಕೂ ಬಾರದೆ ಚೆಲ್ಲಿದರೆಂದು ಕೆಲವರು. ಬಂಗಲೆಗೆ ಹಾಲು ಹಾಕುವವಳು ಬರುವುದನ್ನು ಬಿಟ್ಟಳು. ಆ ವಾರವೇ ಡಾಕ್ಟರೂ ಬಾಯಾರೂ ಸಾಮಾನು ಕಟ್ಟಿಕೊಂಡು ಹಿರೇಕೆರೂರು ಕಡೆಗೆ ಹೋದರು. ಎಲ್ಲ ತಪ್ಪೂ ಬರ್ಫು ಮಾರಿಕೊಂಡ ಡ್ರೈವರನದು ಎಂದು ಲಕ್ಷ್ಮಪ್ಪ ಜನರಿಗೆ ತಿಳಿಸಿ ಹೇಳಿದ. ಜನ ನಂಬಿದರು.

ಮುಂಗಾರು ಹಿಡಿದ ಮೇಲೆ ಸಾವಂತ್ರವ್ವ ಗಂಡುಮಗುವನ್ನು ಹೆತ್ತಳು. ತೊಟ್ಟಿಲಿಗೆ ಹಾಕುವ ದಿನ ಓಣಿಯ ಹೆಂಗಸರೆಲ್ಲ ಕುಪ್ಪಸ, ಕೊಬ್ಬರಿ ಹಿಡಿದು ಬಂದರು. ಮಗುವಿಗೆ ಹೆಸರಿಟ್ಟು, ಗುಗ್ಗರಿ ಹಂಚಿ, ಮಾತಿಗೆ ಕುಳಿತರು. ಮಾತು ತಿರುಗುತ್ತ ರಕ್ತದ ವಿಷಯಕ್ಕೆ ಬಂತು. ಪಕ್ಕದ ಮನೆಯ ಸುಶೀಲವ್ವ ತೋಳು ಚಾಚಿ, “ಇಲ್ಲಿ ಚುಚ್ಚಿದ್ರು ನೋಡ್ರಿ. ಆ ಕಳ್ಳ ಸೋಡಾದಂಗಡಿಗೆ ಬರ್ಫು ಮಾರ್ಕೊಂಡ. ಅವನ ಕೈ ಸೇದಿ ಹೋಗ್ಲಿ. ಅವನ ತಾಯಿ ಹೊಟ್ಟಿ ಉರೀಲಿ” ಎಂದಳು. ಉಳಿದವರು ಹೂಂಗುಟ್ಟಿದರು.

ಅಡಿವೆವ್ವ ಚಹಾದ ತಾಟು ಹಿಡಿದು ನಿಂತಿದ್ದಳು. ತೊಟ್ಟಿಲ ಬಳಿ ಕುಳಿತ ಸಾವಂತ್ರವ್ವ ತಲೆಯೆತ್ತಿ ತಾಯಿಯನ್ನು ನೋಡಿದಳು. ಹಣೆಯ ಮೇಲೆ ಬರ್ಫು ಇಟ್ಟುಕೊಂಡವಳು ಅವಳು. ಅದು ಎಲ್ಲಿಂದ ಬಂತೆಂದು ಆಗ ಕೇಳಿರಲಿಲ್ಲ, ಆಮೇಲೆ ಕೇಳುವುದು ಬೇಕಿರಲಿಲ್ಲ. ತಾಯಿ ಮಗಳಿಬ್ಬರೂ ಈ ಮಾತನ್ನು ಒಮ್ಮೆಯೂ ಆಡಿರಲಿಲ್ಲ. ಅಡಿವೆವ್ವ ಎಲ್ಲರಿಗೂ ಚಹಾ ಕೊಟ್ಟಳು. ಸುಶೀಲವ್ವನಿಗೂ ಕೊಟ್ಟಳು.

ಹೆಂಗಸರು ಹೋದ ಮೇಲೆ ಸಾವಂತ್ರವ್ವ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, “ಯವ್ವಾ, ಶಾಪ ಯಾರಿಗೆ ತಟ್ಟತೈತಿ?” ಎಂದು ಕೇಳಿದಳು.

ಅಡಿವೆವ್ವ ಮರುದಿನ ಬೆಳಿಗ್ಗೆ ಮಗಳಿಗೆ ಬಾಣಂತಿಯ ಅಡುಗೆ ಮಾಡಿಟ್ಟು, ಬಂಗಲೆಗೆ ಹೋಗದೆ ನೇರ ಹಾನಗಲ್ಲಿನ ಬಸ್ಸು ಹತ್ತಿದಳು. ಅಲ್ಲಿಂದ ಶಿಗ್ಗಾಂವಿ, ಶಿಗ್ಗಾಂವಿಯಿಂದ ಸವಣೂರು.

ಮುನಾಫನ ಮನೆ ಕೇಳಿಕೊಂಡು ಹೋದಾಗ ಅವನು ಎಲೆತೋಟದಲ್ಲಿದ್ದಾನೆಂದು ತಿಳಿಯಿತು. ಸವಣೂರಿನ ವೀಳ್ಯದೆಲೆ ನಾಲ್ಕು ಊರಿಗೆ ಹೋಗುತ್ತದೆ. ಅವನು ಎಲೆಯ ಪೆಂಡಿಗಳನ್ನು ಬುಟ್ಟಿಗೆ ತುಂಬಿ ಹೊರುವ ಕೆಲಸ ಹಿಡಿದಿದ್ದ. ಕೆಲಸದಿಂದ ತೆಗೆದ ಕಾರಣ ಊರಿಗೆ ಮೊದಲೇ ಬಂದು ಮುಟ್ಟಿತ್ತು. ಗಾಡಿ ಕೊಡುವವರು ಯಾರೂ ಇರಲಿಲ್ಲ. ಅಡಿವೆವ್ವ ಅವನ ಮನೆಯ ಕಟ್ಟೆಯ ಮೇಲೆ ಕಾದಳು. ಒಳಗಿನಿಂದ ಅವನ ತಾಯಿ ಬಂದು, ಯಾರು ಏನು ಎಂದು ಕೇಳದೆ ನೀರು ತಂದುಕೊಟ್ಟಳು. ಆ ನೀರನ್ನು ಅಡಿವೆವ್ವ ಕುಡಿಯಲಾರದೆ ಕೈಯಲ್ಲಿ ಹಿಡಿದು ಕುಳಿತಳು.

ಮುನಾಫ ಬಂದ. ಅವಳನ್ನು ಕಂಡು ಮುಖ ಅರಳಿತು. “ಅಕ್ಕಾ, ನೀ ಇಲ್ಲಿ?”

ಅವಳು ನಿಂತುಕೊಂಡೇ ಹೇಳಿದಳು. ಮಗಳ ಜ್ವರ, ಪೆಟ್ಟಿಗೆ, ರೊಟ್ಟಿಯ ಬುಟ್ಟಿ, ಎಲ್ಲ ಹೇಳಿದಳು. ಹೇಳುತ್ತ ಹೇಳುತ್ತ ಅವನ ಮುಖ ಬದಲಾಗುವುದನ್ನು ನೋಡಲಾರದೆ ನೆಲ ನೋಡಿದಳು.

ಅವನು ಹೊತ್ತಿದ್ದ ಬುಟ್ಟಿಯನ್ನು ಕೆಳಗಿಳಿಸಿದ. “ನಿನ್ನ ಕೈಯಾಗ ರೊಟ್ಟಿ ತಿಂದು ಬಂದ್ನೆಲ್ಲಾ” ಎಂದ. “ಆವತ್ತ ನಾ ಹೇಳಿದಾಗರ ಅಂದಿದ್ರ ಆಕ್ಕಿತ್ತು.”

“ಬಾಯಿ ಬರಲಿಲ್ಲಪಾ.”

“ಈಗ ನನಗ ಹೇಳಿ ಏನ್ ಮಾಡ್ಲಿ? ನಾ ಮಾಡಿಲ್ಲ ಅನ್ನೂದು ನನಗ ಗೊತ್ತ ಐತಿ. ಗೊತ್ತಿಲ್ಲದವರಿಗೆ ಹೇಳು, ಹೋಗು.” ಬುಟ್ಟಿ ಎತ್ತಿಕೊಂಡು ಮತ್ತೆ ತೋಟದ ಕಡೆಗೆ ನಡೆದುಬಿಟ್ಟ.

ಬಾಗಿಲಲ್ಲಿ ನಿಂತಿದ್ದ ಅವನ ತಾಯಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಬಯ್ಯುತ್ತಾಳೆಂದು ಅಡಿವೆವ್ವ ಕಾದಳು. ಬೈದಿದ್ದರೆ ಹಗುರಾಗುತ್ತಿತ್ತು. ಆ ಮುದುಕಿ ಖಾಲಿ ಮಾಡದ ತಂಬಿಗೆಯನ್ನು ತೆಗೆದುಕೊಳ್ಳುತ್ತ, “ಮಗಳು ಉಳಿದ್ಲೇನವಾ?” ಎಂದು ಕೇಳಿದಳು. ಅಡಿವೆವ್ವ ಹೂಂ ಎಂದು ತಲೆಯಾಡಿಸಿ, ಬಸ್ಸಿನ ನಿಲ್ದಾಣದವರೆಗೆ ಸೆರಗಿನಿಂದ ಮುಖ ಮುಚ್ಚಿಕೊಂಡೇ ಹೋದಳು.

ಡಾಕ್ಟರರ ತಂಡ ಆಗ ಚಿಕ್ಕೇರೂರಿನಲ್ಲಿ ಬೀಡುಬಿಟ್ಟಿತ್ತು. ಅವಳು ಮರುದಿನವೇ ಅಲ್ಲಿಗೆ ಹೊರಟಳು. ಬೇರೆ ಯಾವ ಊರಾಗಿದ್ದರೂ ಆಗುತ್ತಿತ್ತು, ತನ್ನ ತವರೇ ಆಗಬೇಕಿತ್ತೇ ಎಂದು ಅಡಿವೆವ್ವ ದಾರಿಯುದ್ದಕ್ಕೂ ಅಂದುಕೊಂಡಳು. ಸಾಲೆಯ ಅಂಗಳದಲ್ಲಿ ಮೇಜು ಹಾಕಿ ರಕ್ತ ತೆಗೆಯುತ್ತಿದ್ದರು. ಸಾಲಿನಲ್ಲಿ ಅಣ್ಣ ಗುಡ್ಡಪ್ಪನೂ ನಿಂತಿದ್ದ. ತಂಗಿಯನ್ನು ಕಂಡು, “ಏನವಾ, ಹೇಳದ ಕೇಳದ ಬಂದಿ?” ಎಂದು ಹಿಗ್ಗಿನಿಂದ ಕೇಳಿದ.

“ಸಾಹೇಬ್ರ ಹತ್ರ ಒಂದು ಮಾತೈತಣ್ಣ.”

ಮರೆಯಲ್ಲಿ ಕರೆದು ಹೇಳಬಹುದಿತ್ತು. ಆದರೆ ಮರೆಗೆ ಹೋದರೆ ಅಲ್ಲಿಂದಲೂ ಏನಾದರೂ ನೆವ ಹೇಳಿ ಬಂದೇನು ಎಂದು ಅವಳಿಗೆ ತನ್ನ ಮೇಲೆಯೇ ಭಯ. ಮೇಜಿನ ಮುಂದೆ ನಿಂತು ಹೇಳಿದಳು: “ಸಾಹೇಬ್ರ, ಮುನಾಫ ಬರ್ಫು ತಗೊಂಡಿಲ್ಲ. ನಾ ತಗೊಂಡೇನಿ. ಕದ್ದು ತಗೊಂಡೇನಿ.”

ಗುಡ್ಡಪ್ಪ ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡ. ಆಮೇಲೆ ಮೆಲ್ಲಗೆ ಸಾಲಿನಿಂದ ಹೊರಬಿದ್ದು, ಯಾರ ಮುಖವನ್ನೂ ನೋಡದೆ ಮನೆಯ ಕಡೆ ಹೋದ. ಅಣ್ಣನ ಬೆನ್ನನ್ನು ನೋಡುತ್ತ ಅಡಿವೆವ್ವ ಉಳಿದದ್ದನ್ನು ಹೇಳಿ ಮುಗಿಸಿದಳು.

ಡಾಕ್ಟರ್ ಹುಲಿಕಟ್ಟಿ ಅದನ್ನೆಲ್ಲ ಬಾಯಾರಿಗೆ ಇಂಗ್ಲೀಷಿನಲ್ಲಿ ತಿಳಿಸಿದರು. ಬಾಯಾರು ಅಡಿವೆವ್ವನನ್ನೇ ನೋಡುತ್ತ ಏನೋ ಕೇಳಿದರು.

“ಯಾಕ ಕೇಳಲಿಲ್ಲ ಅಂತಾರ,” ಎಂದರು ಡಾಕ್ಟರು. “ಕೇಳಿದ್ರ ಕೊಡ್ತಿದ್ವಿ ಅಂತಾರ.”

“ಕೇಳಿದ್ನೆಲ್ರಿ ಸಾಹೇಬ್ರ. ಬರ್ಫು ಕೇಳಲಿಲ್ಲ, ಔಷಧ ಕೇಳಿದ್ದೆ. ನಿಮಗ ಕೇಳಿದ್ದೆ.”

ಅವಳ ದನಿಯಲ್ಲಿ ದೂರು ಇರಲಿಲ್ಲ. ಕೇಳಿದ್ದಕ್ಕೆ ಉತ್ತರ ಹೇಳಿದ್ದಳು, ಅಷ್ಟೇ. ಬಾಯಾರಿಗೆ ಕನ್ನಡ ಬಾರದು. ಈ ಮಾತನ್ನು ಡಾಕ್ಟರು ತಿರುಗಿಸಿ ಹೇಳದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಬಾಯಾರು ಎರಡನೆಯ ಸಲ ಕೇಳಿದರು. ಆಗ ಡಾಕ್ಟರು ಸೂಜಿಯನ್ನು ತಟ್ಟೆಯಲ್ಲಿಟ್ಟು, ತಲೆ ತಗ್ಗಿಸಿ, ಹೇಳಿದರು. ಬಾಯಾರ ಬಿಳಿ ಮುಖ ಕೆಂಪಗಾಯಿತು. ಜ್ವರದ ಬಗ್ಗೆ ತಿಳಿಯಲೆಂದು ಸಮುದ್ರ ದಾಟಿ ಬಂದವರು ಅವರು. ತಮಗೆ ಅಡುಗೆ ಮಾಡಿದವಳ ಮನೆಯಲ್ಲೇ ಒಂದು ಜ್ವರ ಇದ್ದದ್ದು ಅವರಿಗೆ ಅಂದು ಗೊತ್ತಾಯಿತು.

ಆ ದಿನ ಚಿಕ್ಕೇರೂರಿನಲ್ಲಿ ಮತ್ತೆ ರಕ್ತ ತೆಗೆಯಲಿಲ್ಲ.

ಮುಂದಿನ ವಾರ ಡಾಕ್ಟರ್ ಹುಲಿಕಟ್ಟಿ ತಾವೇ ಸವಣೂರಿಗೆ ಹೋಗಿ ಮುನಾಫನನ್ನು ಕೆಲಸಕ್ಕೆ ಕರೆದರು. ಅವನು ಬರಲಿಲ್ಲ. “ನೀವು ಕರಿಯಾಕ ಬಂದದ್ದು ನಾಲ್ಕು ಮಂದಿ ನೋಡ್ಯಾರ, ಅಷ್ಟ ಸಾಕ್ರಿ” ಎಂದನಂತೆ. ಅದರಿಂದ ಅವನ ಹೆಸರಿಗೆ ಹತ್ತಿದ ಕಳಂಕ ತೊಳೆದು ಹೋಯಿತು. ಸ್ವಲ್ಪ ದಿನಕ್ಕೆ ಓಡಿಸಲು ಒಂದು ಲಾರಿ ಸಿಕ್ಕಿತು. ಇತ್ತ ಬಾಯಾರು ತಮ್ಮ ದೇಶದ ಆ ದತ್ತಿ ಸಂಸ್ಥೆಯವರೊಂದಿಗೆ ಜಗಳವಾಡಿದರೆಂದು ಸುದ್ದಿ. ನಿಜವೋ ಸುಳ್ಳೋ, ಅಂತೂ ದೀಪಾವಳಿ ಕಳೆದು ತಂಡ ಮತ್ತೆ ಅಕ್ಕಿಆಲೂರಿಗೆ ಬಂದಾಗ ಜೀಪಿನಲ್ಲಿ ಔಷಧದ ಪೆಟ್ಟಿಗೆಯೂ ಒಬ್ಬ ನರ್ಸೂ ಇದ್ದರು.

ಬಂಗಲೆಯ ಕೆಲಸವನ್ನು ಅಡಿವೆವ್ವ ತಾನಾಗಿ ಬಿಟ್ಟಿದ್ದಳು. ಲಕ್ಷ್ಮಪ್ಪ ಬೇಡವೆನ್ನಲಿಲ್ಲ. ಅಡುಗೆಮನೆಗೆ ಅವನು ಹೊಸ ಕೀಲಿ ಹಾಕಿದ್ದನ್ನು ಅವಳು ಕಂಡಿದ್ದಳು. ಈಗ ಡಾಕ್ಟರು ಅವಳ ಮನೆಗೇ ಬಂದರು.

“ಊರಿನ ರಕ್ತ ಮತ್ತ ಬೇಕವಾ. ಮಂದಿ ನಮ್ಮನ್ನ ಒಳಗ ಬಿಡವಲ್ರು. ನೀ ಬರ್ತೀಯೇನು?”

“ನನ್ನ ಬಿಡ್ತಾರೇನ್ರಿ ಸಾಹೇಬ್ರ?”

ಆದರೂ ಹೋದಳು. ಪ್ರತಿ ಮನೆಯ ಹೊಸ್ತಿಲ ಹೊರಗೆ ನಿಂತು, “ನೀವು ಕೊಟ್ಟ ರಕ್ತ ನಾ ಕೆಡಿಸಿದ್ದೆ. ಮತ್ತ ಕೊಡ್ರಿ ಅಂತ ಕೇಳಾಕ ಬಂದೇನಿ” ಎಂದಳು. ಈ ಮಾತನ್ನು ಹೇಳಿ ಹೇಳಿ ರೂಢಿಯಾದೀತು ಎಂದುಕೊಂಡಿದ್ದಳು, ಆಗಲಿಲ್ಲ. ಕೆಲವರು ಬಾಗಿಲು ಹಾಕಿದರು. ಕೆಲವರು ಒಳಗಿಂದಲೇ ಬೈದರು. ಗುದ್ಲೆಪ್ಪ ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದ. ತಲೆಯೆತ್ತದೆ, “ಒಮ್ಮೆ ನಾಯಿಗೆ ಕೊಟ್ಟೇನಿ. ಸಾಕು” ಎಂದ. ಅಡಿವೆವ್ವ ಕೈಮುಗಿದು ಮುಂದೆ ನಡೆದಳು.

ಸುಶೀಲವ್ವನ ಮನೆಯನ್ನು ಕೊನೆಗೆ ಉಳಿಸಿಕೊಂಡಿದ್ದಳು. ಸುಶೀಲವ್ವ ಬಾಗಿಲಿಗೆ ಬಂದು, “ಆವತ್ತ ತೊಟ್ಲದಾಗ ಅವನ ತಾಯಿಗೆ ನಾ ಶಾಪ ಹಾಕಿದ್ದೆ. ನೀ ಚಾ ಕೊಡಾಕತ್ತಿದ್ದಿ” ಎಂದಳು.

“ಹೌದು.”

“ಒಂದು ಮಾತು ತಡೀಲಿಲ್ಲ.”

“ಇಲ್ಲ.”

ಸುಶೀಲವ್ವ ಕುಪ್ಪಸದ ತೋಳು ಮೇಲೆ ಮಾಡಿಕೊಂಡು ಜೊತೆಗೆ ಬಂದಿದ್ದ ನರ್ಸಮ್ಮನ ಕಡೆಗೆ ಚಾಚಿದಳು. ಸೂಜಿ ಚುಚ್ಚಿ ಮುಗಿಯುವವರೆಗೆ ಅಡಿವೆವ್ವನತ್ತ ನೋಡಲಿಲ್ಲ. ಅವಳು ಕೊಟ್ಟದ್ದನ್ನು ಕಂಡು ಓಣಿಯ ಇನ್ನು ಕೆಲವರು ಬಂದರು. ಮೊದಲ ಸಲ ಕೊಟ್ಟವರಲ್ಲಿ ಅರ್ಧ ಜನವೂ ಆಗಲಿಲ್ಲ. ಇರುವಷ್ಟನ್ನೇ ತುಂಬಿಕೊಂಡು ಜೀಪು ಹುಬ್ಬಳ್ಳಿಗೆ ಹೋಯಿತು. ಆ ರಕ್ತದಲ್ಲಿ ಏನು ಸಿಕ್ಕಿತೆಂದು ಅಡಿವೆವ್ವನಿಗೆ ತಿಳಿಯಲಿಲ್ಲ, ತಿಳಿಯುವ ಹಕ್ಕು ತನಗಿದೆ ಎಂದು ಅವಳಿಗೆ ಅನ್ನಿಸಲೂ ಇಲ್ಲ.

ಆಮೇಲೆ ಅವಳು ಮತ್ತೆ ಗಿರಣಿಯಲ್ಲಿ ನುಚ್ಚು ಕೇರುವ ಕೆಲಸಕ್ಕೆ ಸೇರಿದಳು. ಅಣ್ಣ ಗುಡ್ಡಪ್ಪ ಎರಡು ದೀಪಾವಳಿ ಕರೆಯಲಿಲ್ಲ. ಮೂರನೆಯದಕ್ಕೆ ಬಂಡಿ ಕಳಿಸಿದ. ಆ ಮಾತು ಮಾತ್ರ ಅವರ ನಡುವೆ ಎಂದೂ ಬರಲಿಲ್ಲ. ಅರವತ್ತೆಂಟರ ಹೊತ್ತಿಗೆ ಜ್ವರ ಮತ್ತೆ ಬಂತು. ಡಾಕ್ಟರು ಹೇಳಿದ್ದಂತೆ ಬೇರೆ ರೂಪದಲ್ಲಿ, ಬೇರೆ ದೇಶದ ಹೆಸರು ಹೊತ್ತು ಬಂತು. ಈ ಸಲ ಹಾನಗಲ್ಲ ದವಾಖಾನೆಗೆ ಮೊದಲೇ ಸುದ್ದಿ ಮುಟ್ಟಿತ್ತು. ಮಾತ್ರೆಗಳು ಬಂದಿದ್ದವು. ಸಂತೆಯನ್ನು ಕೆಲವು ವಾರ ನಿಲ್ಲಿಸಿದರು. ಜ್ವರವೇನೂ ನಿಲ್ಲಲಿಲ್ಲ, ಆದರೆ ಮುದುಕರು ಹಿಂದಿನಷ್ಟು ಸಾಯಲಿಲ್ಲ. ಊರವರು ಅದಕ್ಕೆ ದೇವರ ಹೆಸರು ಹೇಳಿದರು.

ಮುನಾಫನ ಲಾರಿ ವರ್ಷಕ್ಕೆ ಒಂದೆರಡು ಸಲ ಅಕ್ಕಿ ಹೇರಲು ಅಕ್ಕಿಆಲೂರಿಗೆ ಬರುತ್ತಿತ್ತು. ಅವನು ಬಂದಿದ್ದಾನೆಂದು ತಿಳಿದರೆ ಅಡಿವೆವ್ವ ಮೊರವನ್ನು ಎತ್ತಿಕೊಂಡು ಗಿರಣಿಯ ಹಿಂದಿನ ಕೋ‍ಣೆಗೆ ಹೋಗಿಬಿಡುತ್ತಿದ್ದಳು. ಒಂದು ಸಲ ತಿಳಿಯದೆ ಎದುರಾದಳು. ಕೂದಲು ನರೆತ ಮುನಾಫ ಚೀಲ ಎಣಿಸುವವನ ಹತ್ತಿರ ನಿಂತಿದ್ದ. ಅವಳನ್ನು ಗುರುತು ಹಿಡಿದ.

“ಆರಾಮದಿಯೇನಕ್ಕಾ?”

“ಆರಾಮದೇನಪಾ. ಅವ್ವ ಹೆಂಗದಾರ?”

“ಹ್ವಾದ ವರ್ಷ ತೀರಿಕೊಂಡ್ಳು.”

ಊಟಕ್ಕೆ ಮನೆಗೆ ಬಾ ಎಂಬ ಮಾತು ಅವಳ ತುಟಿಯವರೆಗೆ ಬಂತು. ಕರೆಯುವ ಮುಖ ತನಗಿಲ್ಲ ಎನ್ನಿಸಿತು. ಹಮಾಲರು ಕೊನೆಯ ಚೀಲ ಏರಿಸಿ ಹಗ್ಗ ಬಿಗಿದರು. “ಬರ್ತೇನಿ” ಎಂದು ಹೇಳಿ ಅವನು ಲಾರಿ ಹತ್ತಿದ. ಲಾರಿ ಹಾನಗಲ್ಲಿನ ರಸ್ತೆಗೆ ತಿರುಗುವವರೆಗೂ ಅಡಿವೆವ್ವ ಗಿರಣಿಯ ಬಾಗಿಲಲ್ಲೇ ಇದ್ದಳು. ಆಮೇಲೆ ಒಳಗೆ ಹೋಗಿ, ಉಳಿದ ನುಚ್ಚು ಕೇರಲು ಕುಳಿತಳು.